ಕಂಬ ತಟ್ಟುವ ಕೆಲಸ

ಬಂದರಿನ ಹಳೆಯ ಬ್ಯಾಂಕಿಗೆ ಮುಂಭಾಗದಲ್ಲಿ ಎಂಟು ಕಂಬ.
ನನ್ನ ಕೆಲಸ ಇಷ್ಟೆ: ಮರದ ಸುತ್ತಿಗೆ ಹಿಡಿದು
ಬುಡದಿಂದ ತುದಿವರೆಗೆ ತಟ್ಟುತ್ತ ಹೋಗುವುದು,
ಗಾರೆ ಎಲ್ಲಿ ಕಲ್ಲನ್ನು ಬಿಟ್ಟಿದೆಯೋ
ಅಲ್ಲೊಂದು ಸೀಮೆಸುಣ್ಣದ ಗೀಟು.
ಗಟ್ಟಿ ಇದ್ದರೆ ಟಕ್ಕೆನ್ನುತ್ತದೆ, ಬಿಟ್ಟಿದ್ದರೆ ಡೊಬ್ಬೆನ್ನುತ್ತದೆ.
ಹನ್ನೊಂದು ಗಂಟೆಗೆ ಮೂರನೆಯ ಕಂಬದ ತುಂಬ ಗೀಟು.

ಉದುರಿದಲ್ಲಿ ಇಣುಕಿದರೆ ಕೆಂಪು.
ಅಮೃತಶಿಲೆಯೆಂದು ನಂಬಿಸಿದ ಮೈಯೊಳಗೆ
ನಮ್ಮದೇ ಮುರಕಲ್ಲು,
ನಮ್ಮದೇ ನದಿಯ ಮರುವಾಯಿ ಚಿಪ್ಪು ಸುಟ್ಟ ಸುಣ್ಣ,
ಬೆಲ್ಲದ ನೀರು.
ಊರನ್ನೇ ಸುಟ್ಟು, ಅರೆದು, ನುಣ್ಣಗೆ ಬಳಿದು
ಊರಿಗೇ ಒಂದು ಬೆದರಿಕೆ ಕಟ್ಟಿದ್ದರು.

ಆದರೂ ಕೆಳಗೆ ನಿಂತು ನೋಡಿದಾಗ
ಚಪ್ಪಲಿ ಕಳಚಬೇಕೆನಿಸಿತು ನನಗೆ. ನಿಜ ಹೇಳುತ್ತೇನೆ.

ಮೆಟ್ಟಿಲು ಅಳೆದೆ: ಒಂದೊಂದೂ ಎಂಟೂವರೆ ಇಂಚು.
ಬೂಟಿನ ಕಾಲಿಗೆ ಸಲೀಸು.
ಮುಂಡು ಉಟ್ಟವನು ಅಂಚು ಎತ್ತಿ ಹಿಡಿಯಬೇಕು,
ಅಂದರೆ ಬಾಗಬೇಕು,
ಬಾಗಿದವನು ಬಾಗಿಲು ತಲುಪುವಾಗ ಏದುಸಿರು.
ಪೊಡಿಯಬ್ಬ ಬ್ಯಾರಿಗೆ ಅಷ್ಟೂ ಕಷ್ಟ ಕೊಡಲಿಲ್ಲವಂತೆ,
ಅವನಿಗೆ ಬಲಗಡೆ ಗೋಡೆಯಲ್ಲೊಂದು ಕಿಂಡಿ.
ಕಿಂಡಿಯ ಕಡೆ ತಿರುಗುವ ದೇವರು ಉಡುಪಿಯವನು;
ಇಲ್ಲಿಯವನು ನೆಲಮಾಳಿಗೆಯಲ್ಲಿ, ಕಬ್ಬಿಣದ ಬಾಗಿಲ ಹಿಂದೆ,
ಇಬ್ಬರು ದೊರೆಗಳ ರುಜು ಇಲ್ಲದೆ ಮಗ್ಗುಲೂ ಬದಲಿಸುತ್ತಿರಲಿಲ್ಲ.
ಅಳಿವೆಯಲ್ಲಿ ತನ್ನ ಎರಡು ಮಂಜಿ ಉಂಟೆಂದು
ಪೊಡಿಯಬ್ಬ ಬೆರಳು ತೋರಿದನಂತೆ.
ತೇಲುವುದರ ಮೇಲೆ ಸಾಲ ಕೊಡುವ ಕ್ರಮವಿಲ್ಲ
ಎಂದರಂತೆ, ತೇಲಿಕೊಂಡೇ ಬಂದವರು.

ಇದೆಲ್ಲ ಹೇಳಿದ್ದು ಕಾವಲಿನ ಲಿಗೋರಿ.
ಅವನ ಅಜ್ಜ ಒಳಗೆ ಪಂಕದ ಹಗ್ಗ ಎಳೆದವನು.

ಆಗ ಶರಾಫ ಪುಂಡಲೀಕ ಬಾಳಿಗ.
ಕಣ್ಣು ಮಂಜು, ಕಿವಿ ಮಾತ್ರ ಕತ್ತಿ.
ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿಸಿದರೆ ಸಾಕು,
ಬೆಳ್ಳಿ ಎಷ್ಟು ಸೀಸ ಎಷ್ಟು, ದನಿಯಲ್ಲೇ ತಿಳಿಯುವನು.
ಖೋಟಾ ಆದರೆ ಕತ್ತರಿಯಲ್ಲಿ ಎರಡು ತುಂಡು.
ಒಂದು ಸಂಜೆ, ಲೆಕ್ಕ ಮುಗಿದು, ಬೀಗದ ಗೊಂಚಲು ಒಪ್ಪಿಸಿ
ಹೊರಗೆ ಬರುವಾಗ, ಬರೀ ಅಭ್ಯಾಸಬಲ,
ಬೆರಳ ಗಿಣ್ಣು ಈ ಮೂರನೆಯ ಕಂಬಕ್ಕೆ ತಾಗಿಸಿದ.
ನಿಂತ.
ಇನ್ನೊಮ್ಮೆ ತಟ್ಟಿದ.
ಕತ್ತರಿ ಜೇಬಿನಲ್ಲೇ ಇತ್ತು.
ಮರುದಿನ ಒಂಬತ್ತೂವರೆಗೆ ಸರಿಯಾಗಿ ಬಂದು ಕುಳಿತು
ಬೇರೆಯವರ ನಾಣ್ಯ ಕೇಳಿಸಿಕೊಳ್ಳತೊಡಗಿದ.

ಇನ್ನೊಂದು ದಿನ ಲಿಗೋರಿ ಬೇರೆ ಹೇಳಿದ:
ಬಾಳಿಗರು ಅಲ್ಲೇ ಮೆಟ್ಟಿಲ ಮೇಲೆ ಕೂತು
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು ಅಂತ.
ಯಾವುದು ಸರಿಯೋ. ಕಂಬ ಮಾತ್ರ ಡೊಬ್ಬೆನ್ನುತ್ತದೆ.

ಊಟಕ್ಕೆ ಮುಂಚೆ ಏಣಿ ಹತ್ತಿದೆ, ಕಂಬದ ತಲೆಗೆ.
ನಕ್ಷೆಯಲ್ಲಿದ್ದುದು ಗ್ರೀಸಿನ ಯಾವುದೋ ಮುಳ್ಳುಗಿಡದ ಎಲೆ,
ಎರಡು ಸಾಲು, ಸುರುಳಿ ಸುತ್ತಿ.
ಹತ್ತಿರದಿಂದ ನೋಡಿದರೆ ಜೀಗುಜ್ಜೆ!
ಅದೇ ಅಗಲ, ಅದೇ ಕೈಬೆರಳಿನಂಥ ಸೀಳು,
ನಡುನರದ ಅದೇ ದಪ್ಪ.
ಕಾಣದ ಗಿಡವನ್ನು ಎಲ್ಲಿಂದ ತರಬೇಕು ಮೇಸ್ತ್ರಿ?
ಹಿತ್ತಲಿಗೆ ಹೋಗಿ ಒಂದು ಎಲೆ ಕಿತ್ತು ತಂದಿರಬೇಕು.
ನೂರು ವರ್ಷಕ್ಕೂ ಮೇಲೆ
ದೊರೆಯ ಸಾಮ್ರಾಜ್ಯ ನೆತ್ತಿಯಲ್ಲಿ ಹೊತ್ತಿದ್ದು
ಪೋಡಿ ಕರಿಯುವ ಕಾಯಿಯ ಎಲೆ.

ಕಟ್ಟಿಸಿದವರ ಹೆಸರು ಹಿತ್ತಾಳೆ ಫಲಕದಲ್ಲಿದೆ. ಇವನದಿಲ್ಲ.
ಆದರೆ ಎಲೆಯ ಬೆನ್ನಿಗೆ, ಬೀದಿಗೆ ಕಾಣದ ಕಡೆ,
ಹಸಿಗಾರೆಯಲ್ಲಿ ಒತ್ತಿದ ಹೆಬ್ಬೆಟ್ಟು.
ಗೆರೆ ಗೆರೆ ಎಣಿಸಬಹುದು.
ಈ ಕಟ್ಟಡದಲ್ಲಿ ಬಡ್ಡಿ ಬೆಳೆಯದೆ ಉಳಿದ ಹೆಬ್ಬೆಟ್ಟು
ಇದೊಂದೇ ಇರಬೇಕು.

ಎಲೆ ಬಿಟ್ಟಿದ್ದರೆ ಒಡೆದು ತೆಗೆದು
ಚೆನ್ನೈಯಿಂದ ಫೈಬರಿನ ಅಚ್ಚು ತರಿಸುವುದೆಂದು
ಎಸ್ಟಿಮೇಟಿನಲ್ಲಿದೆ.
ಸುತ್ತಿಗೆ ಎತ್ತಿದೆ.
ಸೊಂಟಕ್ಕೆ ಸಿಕ್ಕಿಸಿದೆ.
ತಟ್ಟದೆಯೇ ಬರೆದೆ: ಗಟ್ಟಿ.

ಕೆಳಗಿಂದ ಲಿಗೋರಿ ಕೂಗಿದ,
"ಮೇಲೆ ಎಂಥ ಉಂಟು ಮಾರಾಯ್ತಿ, ಇಳಿಯುವುದೇ ಇಲ್ಲ?"
"ಜೀಗುಜ್ಜೆ," ಅಂದೆ.
"ಬೆಳೆದಿದೆಯಾ?"